ಮಿಡತೆ ಕಾರಿನ ಮಾಸ್ತರು

೧೯೬೬ರ ನವೆಂಬರ್ ೨೦, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನಿನ್ನೆ ಸಂಜೆ ಪರ ಊರಿನವರೊಬ್ಬರು ನಮ್ಮ ಅಂಗಳದಲ್ಲಿ ನಿಂತ ಹಸಿರು ಕಾರನ್ನು ಎರಡು ಸುತ್ತು ಹಾಕಿ ನೋಡಿ, "ಇದರ ಮಾಲೀಕರು ಯಾರ್ರಿ?" ಎಂದು ಕೇಳಿದರು. ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ಯಾವ ದಿನ ಮಳೆ ಬಂತು, ಯಾವ ದಿನ ಹರಿಹರದ ಬಸ್ಸು ತಡವಾಯಿತು ಎಂದು ಕೇಳಿದರೆ ಹೇಳಬಲ್ಲೆ. ಎಂಟು ವರ್ಷ ನಮ್ಮ ಗೋಡೆಯಾಚೆ ಬದುಕಿದ ಮನುಷ್ಯನ ಬಗ್ಗೆ ಮಾತ್ರ ಒಂದು ಪೂರ್ತಿ ವಾಕ್ಯ ಹೇಳಲಾಗಲಿಲ್ಲ. ಅದಕ್ಕೇ ಇದನ್ನು ಪತ್ರಿಕೆಗೆಂದು ಬರೆಯಲು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಹರಿಹರದ ಯಂತ್ರದ ಕಾರ್ಖಾನೆಯೊಂದರಲ್ಲಿ, ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ವಿಭಾಗಕ್ಕೆ ಅವರು ಮೇಲ್ವಿಚಾರಕರು. ಅಲ್ಲಿ ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ದಾವಣಗೆರೆಯ ನಮ್ಮ ಓಣಿಗೂ ಅವರು ಮಾಸ್ತರರೇ ಆದರು. ಐವತ್ತು ದಾಟಿದ, ನಮ್ಮ ಬಾಗಿಲ ಪಟ್ಟಿಗೆ ತಲೆ ತಗಲುವಷ್ಟು ಎತ್ತರದ ಆಳು. ಒಬ್ಬರೇ ಇದ್ದರು. ಹೆಂಡತಿ ಇದ್ದಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅವ್ವ ಒಮ್ಮೆ ಕೇಳಿಯೇ ಬಿಟ್ಟಳು.

"ಮನಿಯವರು ಎಲ್ಲಿರ್ತಾರ್ರಿ ಮಾಸ್ತರ್ರೆ?"

"ಇರೋ ಕಡೆ ಇರ್ತಾರವ್ವ" ಎಂದು ಹೇಳಿ ಒಳಗೆ ಹೋಗಿ ಕದ ಹಾಕಿಕೊಂಡರು. ಅಂದಿನಿಂದ ಅವ್ವನಿಗೆ ಅವರ ಮೇಲೆ ಅನುಮಾನ. ನನಗೆ ಅದಕ್ಕೂ ಮೊದಲೇ ಇತ್ತು, ಅದಕ್ಕೆ ಕಾರಣ ಕಾರು.

ಅದು ಎರಡೇ ಸೀಟಿನ ವಿಲಾಯಿತಿ ಕಾರು. ಉದ್ದ ಮೂತಿ, ಸೈಕಲ್ಲಿನಂತೆ ಕಡ್ಡಿಗಳ ಚಕ್ರ, ಬೇಕಾದಾಗ ಮಡಿಚಿಡುವ ಕ್ಯಾನ್‌ವಾಸಿನ ಮೇಲ್ಛಾವಣಿ. ಬಣ್ಣ ಎಲೆ ಹಸಿರು. ಹಳ್ಳ ಬಂದಲ್ಲಿ ಓಡದೆ ಹಾರುತ್ತಿತ್ತು. ಓಣಿಯ ಜನ ಅದಕ್ಕೆ ಮಿಡತೆ ಎಂದು ಹೆಸರಿಟ್ಟರು. ಎಲ್ಲಿಂದ ಬಂತು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕತೆ. ಯಾವುದೋ ಸಂಸ್ಥಾನದ ಅಳಿಯನದು, ಇಸ್ಪೀಟಿನಲ್ಲಿ ಸೋತು ಕೊಟ್ಟದ್ದು ಎಂದರು. ಯುದ್ಧ ಮುಗಿದ ಮೇಲೆ ಬಿಳಿ ದೊರೆಯೊಬ್ಬ ಪುಣೆಯಲ್ಲಿ ಬಿಟ್ಟು ಹೋದದ್ದು ಎಂದರು. ಮಾಸ್ತರರನ್ನು ಕೇಳಿದರೆ "ಕೊಂಡದ್ದು" ಎನ್ನುತ್ತಿದ್ದರು. ಊರಿನ ದೊಡ್ಡ ದೊಡ್ಡ ಹತ್ತಿ ವ್ಯಾಪಾರಿಗಳೇ ಇಡೀ ಕುಟುಂಬ ಹಿಡಿಯುವ ದಪ್ಪ ಕಾರಿನಲ್ಲಿ ನಿಧಾನವಾಗಿ ಹೋಗುವಾಗ, ಸಂಬಳದ ಒಂಟಿ ಮನುಷ್ಯನೊಬ್ಬ ಬಸ್ಸಿಗೆ ಹೋಗಬಹುದಾದ ಒಂಬತ್ತು ಮೈಲಿಗೆ ಇಂಥ ಗಾಡಿ ಯಾಕೆ ಇಟ್ಟುಕೊಳ್ಳಬೇಕು? ಅದರಲ್ಲೂ ಅದನ್ನು ದಿನಾ ಓಡಿಸಬೇಕು, ವಾರ ವಾರ ಬಿಚ್ಚಬೇಕು?

ಬಿಚ್ಚುವುದು ಎಂದರೆ ನಿಜವಾಗಿಯೂ ಬಿಚ್ಚುವುದೇ. ಭಾನುವಾರ ಬೆಳಿಗ್ಗೆ ಗೋಡೆಯಾಚೆ ಸ್ಪಾನರಿನ ಸದ್ದು ಶುರುವಾದರೆ ನಮ್ಮ ಮನೆಯಲ್ಲಿ ಎಂಟಾಯಿತು ಎಂದು ಅರ್ಥ. ಹತ್ತಿಯ ಸುಗ್ಗಿಯಲ್ಲಿ ಗಾಳಿಯಲ್ಲಿ ಹಾರುವ ಅರಳೆ ಕಾರ್ಬುರೇಟರಿಗೆ ಹೋಗಿ ಕಟ್ಟಿಕೊಳ್ಳುತ್ತದೆ ಎಂದು ಟ್ರ್ಯಾಕ್ಟರಿನ ಗಾಳಿ ಸೋಸುವ ಎಣ್ಣೆ ಫಿಲ್ಟರನ್ನು ತಂದು ಕೂಡಿಸಿದರು. ದಾರಿಯ ನಡುವಿನ ಬಾತಿ ಊರಿನ ಏರಿನಲ್ಲಿ ನೀರು ಕುದಿಯುತ್ತದೆ ಎಂದು ಫ್ಯಾನಿನ ರೆಕ್ಕೆ ಬದಲಿಸಿದರು. ಹರಿಹರದ ರಸ್ತೆಯಲ್ಲಿ ಚಕ್ರದ ಕಡ್ಡಿಗಳು ತಿಂಗಳಿಗೊಂದರಂತೆ ಮುರಿದಾಗ ಅವನ್ನು ತೆಗೆದು ಹಾಕಿ ಜೀಪಿನ ಚಕ್ರ ಹಾಕಿದರು. "ಮದಲಿಂಗನ ಕಾಲಿಗೆ ಪೊಲೀಸ್ ಬೂಟು ಹಾಕಿಸಿದಂಗೈತೆ" ಎಂದಳು ಅವ್ವ. ಒಂದು ವರ್ಷದ ಕಾರು ಇನ್ನೊಂದು ವರ್ಷ ಇರುತ್ತಿರಲಿಲ್ಲ. ಹೊರಗಿನ ಬಣ್ಣ ಅದೇ ಇದ್ದು ಒಳಗಿನದೆಲ್ಲ ಬದಲಾಗುತ್ತ ಹೋದರೆ ಅದನ್ನು ಅದೇ ಕಾರು ಎನ್ನಬೇಕೋ ಬೇಡವೋ ಎಂದು ನನಗೆ ಆಗಲೇ ಗೊಂದಲವಿತ್ತು. ಮನುಷ್ಯನ ವಿಷಯದಲ್ಲೂ ಅದೇ.

ಅವರ ಕೆಲವು ಅಭ್ಯಾಸಗಳು ಓಣಿಗೆ ಸೇರುತ್ತಿರಲಿಲ್ಲ. ಎದುರಿಗೆ ಬಂದು ಕೈಮುಗಿದರೆ ತಿರುಗಿ ಮುಗಿಯುತ್ತಿರಲಿಲ್ಲ. ಸುಮ್ಮನೆ ನಿಂತು ಕಾಯುತ್ತಿದ್ದರು. ನಾವು ಬಾಯಿಬಿಟ್ಟು ಮಾತಾಡಿದ ಮೇಲೆಯೇ "ಓ, ತಮ್ಮಾ, ನೀನಾ" ಎನ್ನುತ್ತಿದ್ದರು. ಸೊಕ್ಕು ಎಂದು ಎಲ್ಲರೂ ತೀರ್ಮಾನಿಸಿದರು. ಒಂದು ಬೇಸಿಗೆಯಲ್ಲಿ ಕಾರಿನ ಮಡ್‌ಗಾರ್ಡುಗಳ ಅಂಚಿಗೆ ಬಿಳಿ ಬಣ್ಣ ಬಳಿದರು. ಆಮೇಲೆ ನಮ್ಮಿಬ್ಬರ ಮನೆಗೂ ಸೇರಿದ ಗೇಟಿನ ಕಂಬಗಳಿಗೆ, ನಮ್ಮನ್ನು ಕೇಳದೆ, ಸುಣ್ಣ ಬಳಿದರು. ಯಾಕೆ ಎಂದು ಕೇಳಿದರೆ "ಚಂದ ಕಾಣ್ತೈತೆ" ಎಂದರು. ಚಂದದ ಗೊಡವೆ ಇದ್ದವರು ಜೀಪಿನ ಚಕ್ರ ಹಾಕುತ್ತಿರಲಿಲ್ಲ ಎಂದು ನಾನು ಆ ದಿನದ ಪುಟದಲ್ಲಿ ಬರೆದೆ. ಇದ್ದ ಹಾರ್ನು ಸಾಲದೆಂದು ಬಸ್ಸಿನ ರಬ್ಬರ್ ಬುರುಡೆಯ ಹಾರ್ನನ್ನೂ ಸಿಕ್ಕಿಸಿದರು. ಓಣಿಯ ತಿರುವಿನಿಂದಲೇ ಅದನ್ನು ಒತ್ತುತ್ತ ಬರುತ್ತಿದ್ದರು. ಮಂಡಿಪೇಟೆಯ ಹಮಾಲರು "ಮಿಡತಿ ಬಂತು, ದಾರಿ ಬಿಡ್ರಲೇ, ದೊರಿ ಬಂದ" ಎಂದು ನಗುತ್ತಿದ್ದರು.

ಒಂದು ಭಾನುವಾರ ಅವರು ಬಾನೆಟ್ಟು ತೆರೆದು, ಇಂಜಿನ್ನು ಓಡುತ್ತಿರುವಾಗಲೇ, ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು ನಿಂತಿದ್ದರು. ಅದಕ್ಕೆ ಎರಡು ಕಾರ್ಬುರೇಟರುಗಳು. ಎರಡೂ ಒಂದೇ ಸಮ ಉಸಿರೆಳೆಯಬೇಕಂತೆ.

"ನೋಡಿ ತಿಳಿಯಂಗಿಲ್ಲೇನ್ರಿ?" ಎಂದೆ.

"ಕಣ್ಣು ಸುಳ್ಳು ಹೇಳ್ತೈತೆ ತಮ್ಮಾ. ಕಿವಿ ಹೇಳಂಗಿಲ್ಲ."

ಯಾವುದನ್ನೋ ಮುಚ್ಚಿಡುವವರೇ ಇಂಥ ಮಾತಾಡುತ್ತಾರೆ ಎಂದು ನನಗೆ ಅನ್ನಿಸಿತು. ಅದನ್ನೂ ಬರೆದಿಟ್ಟೆ.

ಇಷ್ಟೇ ಆಗಿದ್ದರೆ ನೆರೆಮನೆಯ ವಿಚಿತ್ರ ಮನುಷ್ಯ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ೧೯೬೩ರ ಜೂನಿನಲ್ಲಿ ನನ್ನ ಅಕ್ಕನಿಗೆ ಹರಿಹರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ವರ್ಗವಾಯಿತು. ಅಕ್ಕ ಹೊಲಿಗೆ ಕಲಿಸುವ ಟೀಚರು. ಅಪ್ಪ ಹೋದ ಮೇಲೆ ಮನೆ ನಿಂತಿದ್ದೇ ಅವಳ ಸಂಬಳದ ಮೇಲೆ. ನಾನು ಮಂಡಿಯಲ್ಲಿ ಗುಮಾಸ್ತಿಕೆಗೆ ಆಗತಾನೆ ಸೇರಿದ್ದೆ. ಬೆಳಗಿನ ಬಸ್ಸಿನಲ್ಲಿ ಫುಟ್‌ಬೋರ್ಡಿಗೂ ಜಾಗವಿರುತ್ತಿರಲಿಲ್ಲ. ಒಂದು ವಾರ ಅಕ್ಕ ತಡವಾಗಿ ಹೋಗಿ ಬೈಸಿಕೊಂಡಳು. ಎಂಟನೆಯ ದಿನ ಮಾಸ್ತರರು ಗೋಡೆಯಾಚೆಯಿಂದಲೇ ಕೂಗಿದರು. "ಟೀಚರ್ರೇ, ಇನ್ನೊಂದು ಸೀಟು ಖಾಲಿ ಹೋಗ್ತೈತೆ. ಬರ್ರಿ."

ಅವ್ವ ಎರಡು ದಿನ ಯೋಚಿಸಿ, "ತಂದಿ ವಯಸ್ಸಿನವರು, ಹೋಗ್ಲಿ ಬಿಡು" ಎಂದಳು. ಹೇಳುವಾಗ ನನ್ನ ಮುಖ ನೋಡಿದಳು. ಕಾವಲು ನನ್ನದು ಎಂದು ನನಗೆ ಅರ್ಥವಾಯಿತು.

ಬೆಳಿಗ್ಗೆ ಕಾರು ಹೊರಡುವ ಹೊತ್ತು, ಶಾಲೆಯ ಓಣಿಯ ತುದಿಯಲ್ಲಿ ಅಕ್ಕ ಇಳಿಯುವ ಹೊತ್ತು, ಎರಡನ್ನೂ ಕೇಳಿ ಬರೆದಿಡತೊಡಗಿದೆ. ಮೊದಮೊದಲು ಇಪ್ಪತ್ತು ನಿಮಿಷ. ಅಕ್ಕನ ಕೂದಲು ಗುಬ್ಬಿ ಗೂಡಾಗಿ ಬರುತ್ತಿತ್ತು. "ಯವ್ವಾ, ಆ ಮನುಷ್ಯಾ ಗಾಡಿ ಬಿಡಂಗಿಲ್ಲ, ಎಸೀತಾನೆ" ಎನ್ನುತ್ತಿದ್ದಳು. ಅವಳು ನಗುತ್ತಿದ್ದಳು, ಅದು ನನಗೆ ಸೇರಲಿಲ್ಲ. ಮುಂದಿನ ವರ್ಷದ ಮಳೆಗಾಲಕ್ಕೆ ಅದೇ ದಾರಿಗೆ ನಲವತ್ತು ನಿಮಿಷವಾಯಿತು. ಗಾಡಿಯ ಇಂಜಿನ್ನನ್ನು ಹೊಸದಾಗಿ ಬಿಗಿಸಿದ್ದರು, ಟೈರು ಹೊಸವು, ರಸ್ತೆಗೂ ಡಾಂಬರು ಬಿದ್ದಿತ್ತು. ಗಾಡಿ ಸುಧಾರಿಸಿತು, ಹೊತ್ತು ದುಪ್ಪಟ್ಟಾಯಿತು. ಯಾಕೆಂದು ಅಕ್ಕನನ್ನು ಕೇಳಿದೆ.

"ರೈಲ್ವೆ ಗೇಟು ಹಾಕಿತ್ತು."

"ದಿನಾ?"

"ದಿನಾ ರೈಲು ಬರ್ತೈತಲ್ಲಪ್ಪ."

ಆ ಹೊತ್ತಿಗೆ ಯಾವ ರೈಲೂ ಇಲ್ಲ ಎಂದು ನನಗೆ ಗೊತ್ತಿತ್ತು. ಅವಳು ನನ್ನ ಮುಂದೆ ಆಡಿದ ಮೊದಲ ಸುಳ್ಳು ಅದು ಎಂದೇ ಈಗಲೂ ತಿಳಿದಿದ್ದೇನೆ.

ಆ ವರ್ಷದ ಆಯುಧಪೂಜೆಗೆ ಮಾಸ್ತರರು ಕಾರು ತೊಳೆದು ಚೆಂಡುಹೂವಿನ ಹಾರ ಹಾಕಿದರು. ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಕೆಲಸ ನನ್ನದು. ನಾಲ್ಕು ಇಟ್ಟೆ. ಅವರು ಗಾಡಿಯನ್ನು ಮುಂದಕ್ಕೆ ಬಿಟ್ಟರು. ನಾಲ್ಕೂ ಪಚಕ್ಕನೆ ಒಡೆದು ರಸ ಚಿಮ್ಮಿತು. ಮಾಸ್ತರರು ಕೆಳಗಿಳಿದು, ಚಕ್ರದ ಮುಂದೆಯೇ ನಿಂತು, "ಒಡದ್ವೇನೋ?" ಎಂದರು. ನಾನು ಉತ್ತರಿಸುವ ಮೊದಲೇ ಅಕ್ಕ "ನಾಲ್ಕೂ ಒಡದ್ವು ಸರ್" ಎಂದಳು. ಅವರ ಕೇಳುವಿಕೆಗಿಂತ ಅವಳ ಅವಸರ ನನಗೆ ಚುಚ್ಚಿತು. ಇವರಿಬ್ಬರ ನಡುವೆ ಏನೋ ಒಪ್ಪಂದವಿದೆ ಎಂದು ಆ ದಿನವೇ ಖಾತ್ರಿ ಮಾಡಿಕೊಂಡೆ.

ಜನವರಿಯಲ್ಲಿ ಅಕ್ಕನಿಗೆ ರಾಣೆಬೆನ್ನೂರಿನ ಕಡೆಯಿಂದ ಒಂದು ಸಂಬಂಧ ಕೇಳಿಕೊಂಡು ಬಂತು. ಅವಳಿಗೆ ಇಪ್ಪತ್ತೇಳು ನಡೆಯುತ್ತಿತ್ತು. ಹಿಂದೆ ಬಂದ ಎರಡು ಸಂಬಂಧ ಮುರಿದುಬಿದ್ದಿದ್ದವು. ಇದೂ ತಪ್ಪಿದರೆ ಇನ್ನು ಬರುವುದಿಲ್ಲ ಎಂದು ಅವ್ವ ದೇವರ ಮುಂದೆ ಕೂತು ಅತ್ತದ್ದನ್ನು ಕಂಡಿದ್ದೇನೆ. ಹುಡುಗನ ಸೋದರಮಾವ ಮಾಸ್ತರರ ಕಾರ್ಖಾನೆಯಲ್ಲೇ ಉಗ್ರಾಣದ ಗುಮಾಸ್ತ. ಹೆಣ್ಣು ನೋಡಲು ಬರುವ ಹತ್ತು ದಿನ ಮೊದಲು ಅವರು ಮಂಡಿಗೆ ಬಂದು, ನನ್ನ ಮೇಜಿನ ಎದುರು ಕೂತು, ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ಕಡೆ ಸರಿಸಿಕೊಂಡು ಕೇಳಿದರು.

"ಏನಪ್ಪಾ, ನಿಮ್ಮಕ್ಕ ದಿನಾ ಆ ಮುದುಕನ ಗಾಡ್ಯಾಗ ಬಂದಿಳೀತಾಳಂತಲ್ಲ, ಖರೇನಾ?"

"ಬಸ್ಸು ಸಿಗಂಗಿಲ್ರಿ."

"ಬಸ್ಸಿನಾಗ ಐವತ್ತು ಜನ ಇರ್ತಾರ. ಆ ಗಾಡ್ಯಾಗ ಎಷ್ಟು ಸೀಟು?"

ಅಕ್ಕನ ಹೆಸರು ಉಳಿಸಬೇಕಾದರೆ ನಿಜ ಏನೆಂದು ಮೊದಲು ನನಗೆ ಗೊತ್ತಾಗಬೇಕು, ಅದೂ ಹತ್ತು ದಿನದಲ್ಲಿ.

ಮರುದಿನ ಸಂಜೆ ಮಾಸ್ತರರು ಬೆಣ್ಣೆದೋಸೆ ತಿನ್ನಲು ಹೋದಾಗ ನಾನು ಗೋಡೆ ದಾಟಿ ಕಾರಿನೊಳಗೆ ನೋಡಿದೆ. ಡ್ರೈವರ್ ಸೀಟಿನ ಕೆಳಗೆ ಒಂದು ಬಟ್ಟೆಯ ಚೀಲ, ಅದರಲ್ಲಿ ಮೂರು ಮರದ ತುಂಡುಗಳು. ಅಂಗೈಯಗಲ, ಎರಡು ಬೆರಳು ದಪ್ಪ, ಒಂದೊಂದಕ್ಕೂ ಹಿಂಬದಿಯಲ್ಲಿ ಸ್ಪ್ರಿಂಗಿನ ಉಕ್ಕಿನ ಪಟ್ಟಿ. ಮೂರೂ ಬೇರೆ ಬೇರೆ ಆಕಾರ. ಸೀಟು ಮುಟ್ಟಿದರೆ ಅದೂ ಹಳೆಯ ಹಾಗಿರಲಿಲ್ಲ. ಹೊಸದಾಗಿ ಹಳಿ ಹಾಕಿದ್ದರು, ಒಂದು ಹಿಡಿಕೆ ಎಳೆದರೆ ಇಡೀ ಸೀಟು ಮುಂದಕ್ಕೆ ಬಂದು ಟಕ್ಕೆಂದು ನಿಲ್ಲುತ್ತಿತ್ತು. ನನಗೆ ಗಾಡಿ ನಡೆಸಲು ಬರುವುದಿಲ್ಲ, ಈಗಲೂ ಬರುವುದಿಲ್ಲ. ಆ ತುಂಡುಗಳ ಚಿತ್ರ ಬರೆದುಕೊಂಡು ಹೋಗಿ ಹರಿಹರದ ಎರಕದ ಶಾಲೆಯಲ್ಲಿದ್ದ ನನ್ನ ಗೆಳೆಯನಿಗೆ ತೋರಿಸಿದೆ. ದಿನಾ ಮರದ ಅಚ್ಚನ್ನು ಮರಳಲ್ಲಿ ಒತ್ತಿ ಕಬ್ಬಿಣ ಹುಯ್ಯುವವನು ಅವನು. ಒಂದು ಕ್ಷಣವೂ ಯೋಚಿಸಲಿಲ್ಲ.

"ಇದು ಅಚ್ಚಲೇ. ಎರಕದ ಅಚ್ಚು. ನಿಮ್ಮ ಮಾಸ್ತರ್ ಕಾರ್ಖಾನಿ ಮಾಲಿನ ಅಚ್ಚು ತೆಗೆದು ಹೊರಗ ಸಾಗಸ್ತಾನ ನೋಡು."

"ನಮ್ಮಕ್ಕ ಪಕ್ಕದಾಗ ಕೂತಿರ್ತಾಳೆ."

"ಹೆಂಗಸು ಕೂತ ಗಾಡೀನ ದಾರ್ಯಾಗ ಯಾರು ತಡೆದು ತಪಾಸು ಮಾಡ್ತಾರೆ ಹೇಳು?"

ಇದು ನನಗೆ ಎಷ್ಟು ಚೆನ್ನಾಗಿ ಹೊಂದಿತೆಂದರೆ ರಾತ್ರಿ ಕೂತು ದಿನಚರಿಯ ಹಳೆಯ ಪುಟಗಳನ್ನೆಲ್ಲ ತಿರುವಿದೆ. ಬಿಳಿ ಬಣ್ಣ, ಎರಡು ಹಾರ್ನು, ಸುಳ್ಳು ಹೇಳುವ ಅಕ್ಕ, ಹೆಚ್ಚಾದ ಇಪ್ಪತ್ತು ನಿಮಿಷ, ಎಲ್ಲವೂ ಕೂಡಿಕೊಂಡವು. ಅದರ ಮೇಲೆ, ಬಾತಿಯ ಚಹದಂಗಡಿಯವನು ಮಂಡಿಗೆ ಬಂದಾಗ ತಾನಾಗಿಯೇ ಹೇಳಿದ. "ನಿಮ್ಮ ಓಣಿ ಮಿಡತಿ ದಿನಾ ಬೆಳಿಗ್ಗೆ ನಮ್ಮೂರ ಈಚೆ ಹುಣಸಿಮರದ ಕೆಳಗ ನಿಂದ್ರತೈತೆ ನೋಡ್ರಿ. ಒಂದೈದು ನಿಮಿಷ. ಯಾಕೋ ಏನೋ."

ನಾನು ಮಂಡಿಗೆ ರಜೆ ಹೇಳಿ, ಬೆಳಿಗ್ಗೆ ಏಳಕ್ಕೇ ಸೈಕಲ್ ಹತ್ತಿದೆ. ಹುಣಸೆಮರದ ಎದುರಿಗೆ, ಜೋಳದ ಹೊಲದ ಬದುವಿನ ಹಿಂದೆ ಸೈಕಲ್ ಮಲಗಿಸಿ, ಚೈನು ಕಳಚಿ ಕೈಯಲ್ಲಿ ಹಿಡಿದು ಕೂತೆ. ಯಾರಾದರೂ ಕೇಳಿದರೆ ರಿಪೇರಿ ಎನ್ನಬಹುದು ಎಂದು. ಕಾರು ಬಂತು. ಎರಡು ಹಾರ್ನೂ ಹೊಡೆದುಕೊಂಡು ಬಂತು. ಮರದ ಕೆಳಗೆ ನಿಂತಿತು. ಇಬ್ಬರೂ ಇಳಿದರು. ನಾನು ಬದುವಿನ ಮೇಲೆ ತಲೆ ಎತ್ತಿದೆ.

ಮಾಸ್ತರರು ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಈ ಕಡೆಯಿಂದ ಆ ಕಡೆಗೆ ಹೋದರು. ಅಕ್ಕ ಆ ಕಡೆಯಿಂದ ಈ ಕಡೆಗೆ ಬಂದಳು. ಸೀಟನ್ನು ಟಕ್ಕೆಂದು ಮುಂದಕ್ಕೆ ಎಳೆದಳು. ಚೀಲದಿಂದ ಮರದ ತುಂಡುಗಳನ್ನು ತೆಗೆದು, ಬಗ್ಗಿ, ಕಾಲ ಕೆಳಗಿನ ಪೆಡಲುಗಳಿಗೆ ಒಂದೊಂದಾಗಿ ಸಿಕ್ಕಿಸಿದಳು. ಸೆರಗನ್ನು ಸೊಂಟಕ್ಕೆ ಬಿಗಿದು ಕೂತಳು. ಅಕ್ಕ ಗಿಡ್ಡ, ಅವಳ ಕಾಲು ಸಾಲದು. ನಮ್ಮ ಹೊಲಿಗೆ ಟೀಚರು ಗೇರು ಹಾಕಿ, ಎತ್ತಿನ ಬಂಡಿಯೊಂದಕ್ಕೆ ದಾರಿ ಬಿಟ್ಟು, ಕಾರನ್ನು ರಸ್ತೆಗೆ ತಂದು ಹರಿಹರದ ಕಡೆ ಹೊರಟುಹೋದಳು. ಮಾಸ್ತರರು ಪಕ್ಕದಲ್ಲಿ ಕೈಕಟ್ಟಿ, ಮುಖ ಸ್ವಲ್ಪ ಮೇಲೆತ್ತಿ, ಇಂಜಿನ್ನಿನ ಸದ್ದು ಕೇಳುತ್ತ ಕೂತಿದ್ದರು.

ಆ ಸಂಜೆ ಅಕ್ಕನನ್ನು ಹಿತ್ತಲಿಗೆ ಕರೆದೆ.

"ಹುಣಸಿಮರ" ಎಂದೆ, ಅಷ್ಟೇ.

ಅವಳು ನನ್ನನ್ನು ನೋಡಿದಳು. "ಬಂದಿದ್ದೆಯಾ? ಬರಕಂಡ್ಯಾ?"

"ಯಾಕ ಹೇಳಲಿಲ್ಲ?"

"ನಿನಗ ಹೇಳಿದ್ರೆ ತಾರೀಕು ಹಾಕಿ ಇಡ್ತಿದ್ದಿ. ನಾಳೆ ಯಾರ ಕೈಗೆ ಸಿಗ್ತಿತ್ತೋ."

ಆಮೇಲೆ ಹೇಳಿದಳು. ಹಿಂದಿನ ಬೇಸಿಗೆಯ ಒಂದು ಬೆಳಿಗ್ಗೆ, ಎದುರು ಬಿಸಿಲಿನಲ್ಲಿ, ಹತ್ತಿ ಹೇರಿದ ಬಂಡಿ ಅಡ್ಡ ಬಂದದ್ದು ಅವರಿಗೆ ಕಾಣಲೇ ಇಲ್ಲ. ಅಕ್ಕ ಚೀರಿ ಸ್ಟೇರಿಂಗು ಎಳೆದಿದ್ದರಿಂದ ಇಬ್ಬರೂ ಉಳಿದರು. ಮಾಸ್ತರರು ರಸ್ತೆ ಬದಿಯ ಮೈಲಿಕಲ್ಲಿನ ಮೇಲೆ ಕೂತು, "ಟೀಚರ್ರೇ, ಕಣ್ಣಿಗೆ ಪೊರೆ ಬಂದೈತೆ. ನನ್ನ ನೌಕರಿ ಎರಡು ವರ್ಷ ಐತೆ. ಗೊತ್ತಾದ್ರೆ ನಾಳೇನೇ ಮನಿಗೆ ಕಳಸ್ತಾರೆ. ನಿಮಗ ಗಾಡಿ ಕಲಸ್ತೀನಿ, ಕಲೀತೀರೇನು?" ಎಂದರಂತೆ. ಊರೊಳಗೆ ಅವರಿಗೆ ದಾರಿ ಬಾಯಿಪಾಠ, ನಿಧಾನವಾಗಿ ಹೋಗುತ್ತಿದ್ದರು. ಹೋಗುವಾಗಲೂ ಬರುವಾಗಲೂ ಊರಾಚೆಯದನ್ನು ಅಕ್ಕ ನೋಡಿಕೊಳ್ಳುತ್ತಿದ್ದಳು.

"ಕಣ್ಣಿಲ್ಲದ ಮನುಷ್ಯಾ ಮಾಲು ಪಾಸು ಮಾಡ್ತಾನೇನು?" ಎಂದೆ. ನನ್ನ ಅನುಮಾನ ಹೋಗಿರಲಿಲ್ಲ, ಜಾಗ ಬದಲಾಯಿಸಿತ್ತು.

"ಹೋಗಿ ಅವರನ್ನೇ ಕೇಳು."

ಕೇಳಿದೆ. ಮಾಸ್ತರರಿಗೆ ಸಿಟ್ಟು ಬರಲಿಲ್ಲ. ಜೇಬಿನಿಂದ ಒಂದು ಉಕ್ಕಿನ ಗುಂಡನೆಯ ಕಡ್ಡಿ ತೆಗೆದರು, ಅದರ ಎರಡು ತುದಿಗಳು ಕೂದಲೆಳೆಯಷ್ಟು ಬೇರೆ ಬೇರೆ ದಪ್ಪ. "ಈ ತುದಿ ತೂತಿನಾಗ ಹೋಗಬೇಕು. ಆ ತುದಿ ಹೋಗಬಾರದು. ಹೋಗ್ತೈತೆ, ಇಲ್ಲಾಂದ್ರೆ ಹೋಗಂಗಿಲ್ಲ. ಇದಕ್ಕ ಕಣ್ಣು ಯಾಕ ಬೇಕು?" ಎಂದರು.

"ಬಿರುಕು ಬಿಟ್ಟಿದ್ರೆ?"

ಅವರು ಕಡ್ಡಿಯನ್ನು ಜೇಬಿಗೆ ಹಾಕಿಕೊಂಡರು. ಕಣ್ಣು ಮಂಜಾದ ಮೇಲೆ ಅವರ ಕೈ ದಾಟಿ ಹೋದ ಬಿಡಿಭಾಗಗಳು ಎಲ್ಲೆಲ್ಲಿ ತಿರುಗುತ್ತಿವೆಯೋ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಹೆಣ್ಣು ನೋಡಲು ಬರುವವರ ಮುಂದೆ ಇದ್ದದ್ದನ್ನು ಹೇಳಿಬಿಡು ಎಂದು ಅಕ್ಕನಿಗೆ ಗೋಗರೆದೆ. ನಿಜ ಹೇಳಿದರೆ ಅವಳ ಹೆಸರಿಗೆ ಅಂಟಿದ್ದೆಲ್ಲ ತೊಳೆದುಹೋಗುತ್ತದೆ. ಅವಳು ಒಪ್ಪಲಿಲ್ಲ. "ಕೇಳೋ ಮನುಷ್ಯಾ ಅವರ ಕಾರ್ಖಾನಿಯವನು. ನನ್ನ ಮದುವಿಗೆ ಅವರ ಅನ್ನ ಕಳೀಲೇನು?"

ಆ ಭಾನುವಾರ ಹುಡುಗ, ಅವನ ತಂದೆ, ಉಗ್ರಾಣದ ಸೋದರಮಾವ ಮೂವರೂ ಬಂದರು. ಬಿಸಿಲಿಗೆ ತಂದೆ ಕೋಟು ಕಳಚಿ ಬಾಗಿಲ ಪಕ್ಕದ ಗೂಟಕ್ಕೆ ಹಾಕಿದರು. ಗೋಡೆಯಾಚೆ ಮಿಡತೆಯ ಇಂಜಿನ್ನು ಸಣ್ಣಗೆ ಓಡುತ್ತಿತ್ತು, ಮಾಸ್ತರರು ಎಂದಿನಂತೆ ಕೊಳವೆ ಹಿಡಿದು ಕಾರ್ಬುರೇಟರು ಕೇಳುತ್ತಿದ್ದರು. ಅಕ್ಕ ಅವಲಕ್ಕಿ ತಂದಿಟ್ಟಳು. ಸೋದರಮಾವ ತಟ್ಟೆ ಮುಟ್ಟಲಿಲ್ಲ.

"ಮೊದಲು ಒಂದು ಮಾತು ಹೇಳವ್ವ. ಬಾತಿ ಈಚೆ ಹುಣಸಿಮರದ ಕೆಳಗ ದಿನಾ ಗಾಡಿ ಯಾಕ ನಿಂದ್ರತೈತೆ?"

ಅಕ್ಕ ನೆಲ ನೋಡುತ್ತ ನಿಂತಳು. ನಾನು ಹೇಳಲು ಬಾಯಿ ತೆರೆದೆ. ಅವಳು ತಲೆ ಎತ್ತದೆಯೇ ಬಲಗೈಯನ್ನು ಸ್ವಲ್ಪ ಅಲ್ಲಾಡಿಸಿದಳು. ಬೇಡ ಎಂದು.

"ಕೇಳಿದ್ದು ತಪ್ಪಾತೇನು? ಉತ್ತರ ಇಲ್ಲಂದ್ರ ನಾವು ಏಳ್ತೀವಿ."

ಗೋಡೆಯಾಚೆ ಇಂಜಿನ್ನು ನಿಂತಿತು.

ಸ್ವಲ್ಪ ಹೊತ್ತಿಗೆ ಮಾಸ್ತರರು ಅರಳೆಯಲ್ಲಿ ಕೈ ಒರೆಸಿಕೊಳ್ಳುತ್ತ ನಮ್ಮ ಹೊಸ್ತಿಲಲ್ಲಿ ಬಂದು ನಿಂತರು. ಎಂದಿನಂತೆ, ಯಾರಾದರೂ ಮಾತಾಡಲಿ ಎಂದು ಕಾದರು. ಯಾರೂ ಮಾತಾಡಲಿಲ್ಲ. ಆಗ ಅವರು ಬಲಕ್ಕೆ ತಿರುಗಿ, ಗೂಟದಲ್ಲಿದ್ದ ಕೋಟಿಗೆ ಕೈಮುಗಿದು, "ನಮಸ್ಕಾರ್ರಿ" ಎಂದರು.

ಹುಡುಗ ಕಿಸಕ್ಕನೆ ನಕ್ಕ. ಸೋದರಮಾವ ನಗಲಿಲ್ಲ.

"ಸ್ಟೋರಿನವ್ರು ಯಾವ ಕಡೆ ಕೂತೀರಿ? ಮಾತಾಡ್ರಿ" ಎಂದರು ಮಾಸ್ತರರು. "ಇಲ್ಲೇ" ಎಂದ ದನಿಯ ಕಡೆ ತಿರುಗಿದರು. "ನನಗ ಕಣ್ಣು ಕಾಣಂಗಿಲ್ಲ. ಊರಾಚೆ ಗಾಡಿ ನಡಸಾಕಿ ಈ ಹುಡುಗಿ. ಹುಣಸಿಮರದ ಕೆಳಗ ಸೀಟು ಬದಲಾಯಿಸ್ತೀವಿ. ನಾಳೆ ಆಫೀಸಿನಾಗ ಹೇಳ್ರಿ. ಅವಲಕ್ಕಿ ತಿನ್ರಿ, ಆರ್ತೈತೆ."

ಬಂದ ಹಾಗೆಯೇ, ಗೋಡೆ ಹಿಡಿದುಕೊಂಡು ಹೋದರು.

ಮದುವೆ ಆಗಲಿಲ್ಲ. ಜಾತಕ ಕೂಡಲಿಲ್ಲ ಎಂದು ಎರಡು ವಾರದ ಮೇಲೆ ಹೇಳಿ ಕಳಿಸಿದರು. ಕಾರು ನಡೆಸುವ ಸೊಸೆ ಅವರಿಗೆ ಬೇಕಿರಲಿಲ್ಲ ಎಂದು ಅವ್ವ ಅರ್ಥ ಮಾಡಿಕೊಂಡಳು. ಆದರೆ ಊರಿನಲ್ಲಿ ಯಾರೂ ಅಕ್ಕನ ಬಗ್ಗೆ ಹಗುರವಾಗಿ ಮಾತಾಡಲಿಲ್ಲ. ಮಾತಾಡಲು ಅವರಿಗೆ ಅದಕ್ಕಿಂತ ದೊಡ್ಡ ವಿಷಯ ಸಿಕ್ಕಿತ್ತು.

ಮಾಸ್ತರರ ನೌಕರಿ ಅವರು ಬಂದು ಹೋದ ವಾರವೇ ಮುಗಿಯಿತು. ಕಣ್ಣಿನ ಆಪರೇಷನ್ನಿಗೆ ಹೋಗುತ್ತೇನೆ ಎಂದು ಒಂದು ಟ್ರಂಕು ಹಿಡಿದು ಹೊರಟರು. ಅವ್ವನಿಗೆ ಮಿರಜ್ ಎಂದರು. ನನಗೆ ಮದರಾಸು ಎಂದರು. ಹಾಲಿನವನಿಗೆ ಬೆಂಗಳೂರು ಎಂದಿದ್ದರಂತೆ. ಸ್ಟೇಷನ್ನಿಗೆ ಅಕ್ಕನೇ ಕಾರಿನಲ್ಲಿ ಬಿಟ್ಟು ಬಂದಳು, ಹಗಲಲ್ಲಿ, ಊರೊಳಗೆ, ಎಲ್ಲರೂ ನೋಡುವಂತೆ. ಕೀ ಅವಳ ಕೈಗೆ ಕೊಟ್ಟು ಹೇಳಿದರಂತೆ. "ನಾನು ಬರೋತನಕ ಓಡಸ್ತಿರ್ರಿ. ನಿಂತ್ರೆ ಕೆಡ್ತೈತೆ." ಒಂದು ವರ್ಷ ಒಂಬತ್ತು ತಿಂಗಳಾಯಿತು. ಬಂದಿಲ್ಲ.

ಅಕ್ಕ ಓಡಿಸುತ್ತಿದ್ದಾಳೆ. ಈಗ ಲೈಸೆನ್ಸು ಇದೆ. ರಬ್ಬರ್ ಕೊಳವೆ ಅವಳ ಕಿವಿಯಲ್ಲಿರುತ್ತದೆ. ಭಾನುವಾರ ನಮ್ಮ ಅಂಗಳದಲ್ಲೇ ಸ್ಪಾನರಿನ ಸದ್ದು. ಈ ಬೇಸಿಗೆಯಲ್ಲಿ ಹೊಲಿಗೆ ಮಿಷನ್ನಿನಲ್ಲಿ ಹೊಸ ಕ್ಯಾನ್‌ವಾಸು ಹೊಲಿದು ಹಾಕಿದಳು. ಸೀಟು ಈಗ ಹಿಂದಕ್ಕೆ ಹೋಗುವುದೇ ಇಲ್ಲ. ಮಡ್‌ಗಾರ್ಡಿನ ಬಿಳಿ ಬಣ್ಣವನ್ನು ಮಾತ್ರ ಅಳಿಸದೆ, ಮಾಸಿದಾಗಲೆಲ್ಲ ಮತ್ತೆ ಬಳಿಯುತ್ತಾಳೆ. ಅವಳಿಗೆ ಅದು ಬೇಕಾಗಿಲ್ಲ.

ಇಷ್ಟಾದ ಮೇಲೂ ನನಗೆ ಒಂದು ಅನುಮಾನ ಉಳಿದಿದೆ. ಉಗ್ರಾಣದ ಆ ಗುಮಾಸ್ತರು ಊರಲ್ಲಿ ಹೇಳಿಕೊಂಡು ತಿರುಗುತ್ತಿರುವುದು ಹೀಗೆ. "ಆತ ನೌಕರಿ ಬಿಡೋ ಅರ್ಜಿ ಅದರ ಹಿಂದಿನ ವಾರವೇ ಕೊಟ್ಟಿದ್ದ. ನಮ್ಮ ಮುಂದೆ ಮಾಡಿದ್ದು ಬರೀ ನಾಟಕ." ಎರಕದ ಗೆಳೆಯ ಕೇಳಿಕೊಂಡು ಬಂದದ್ದು ಬೇರೆ. ಸೋಮವಾರ ಬೆಳಿಗ್ಗೆ, ಆ ಗುಮಾಸ್ತರು ಬಾಯಿ ಬಿಡುವ ಮೊದಲು, ಮಾಸ್ತರರು ತಾವೇ ಆಫೀಸಿಗೆ ಹೋಗಿ ಕೊಟ್ಟರಂತೆ. ಆ ಕೋಟಿಗೆ ಕೈಮುಗಿದದ್ದೂ ನನಗೆ ಇನ್ನೂ ಬಗೆಹರಿದಿಲ್ಲ. ಬಿಸಿಲಿನಿಂದ ಒಳಗೆ ಬಂದವರಿಗೆ ಕಂಡಿರಲಿಕ್ಕಿಲ್ಲ ಎನ್ನುತ್ತಾಳೆ ಅಕ್ಕ. ನಮ್ಮ ಮನೆಯ ಗೂಟ ಎಲ್ಲಿದೆ ಎಂದು ಎಂಟು ವರ್ಷದಿಂದ ಗೊತ್ತಿದ್ದ ಮನುಷ್ಯ ಅವರು ಎನ್ನುತ್ತೇನೆ ನಾನು. ಇದ್ದದ್ದನ್ನು ಕಳೆದುಕೊಂಡು ಹೇಳಿದರೋ, ಕಳೆದುಕೊಳ್ಳಲು ಏನೂ ಉಳಿಯದ ಮೇಲೆ ಹೇಳಿದರೋ?

"ಯಾವಾಗ ಕೊಟ್ರೆ ಏನು?" ಎಂದು ಅಕ್ಕ ರೇಗುತ್ತಾಳೆ. "ಇಂಜಿನ್ನು ನಿಲ್ಲಿಸಿ ಬಂದ್ರಲ್ಲ." ಆದರೆ ಆ ಗುಮಾಸ್ತರ ಮಾತು ಬಂದ ದಿನ ಅವಳು ಊಟ ಮಾಡಲಿಲ್ಲ. ಅದನ್ನು ನಾನು ನೋಡಿದ್ದೇನೆ.

೧೯೬೫ರ ಆರಂಭದಲ್ಲಿ ಹರಿಹರದ ಕಾರ್ಖಾನೆಯ ಆಫೀಸಿನಲ್ಲಿದ್ದು, ಎತ್ತರದ, ಎದುರಿಗಿದ್ದವರು ಮಾತಾಡುವವರೆಗೆ ಕಾಯುತ್ತಿದ್ದ ಮೇಲ್ವಿಚಾರಕರೊಬ್ಬರ ಅರ್ಜಿಯನ್ನು ಕೈಯಾರೆ ಇಸಿದುಕೊಂಡವರು ಇದನ್ನು ಓದುತ್ತಿದ್ದರೆ, ಅದು ಆ ಭಾನುವಾರಕ್ಕಿಂತ ಮುಂಚೆಯೋ ಆಮೇಲೋ ಎಂದು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಬೇಕು. ಮಿರಜಿನಲ್ಲೋ ಮದರಾಸಿನಲ್ಲೋ ಬೆಂಗಳೂರಿನಲ್ಲೋ ಅವರನ್ನು ಕಂಡವರಿದ್ದರೆ, ಗಾಡಿ ನಿಂತಿಲ್ಲ ಎಂದು ಅವರಿಗೆ ತಿಳಿಸಬೇಕು. ಅವರ ಕಣ್ಣು ಇನ್ನೂ ಬಂದಿರದಿದ್ದರೆ ಇದನ್ನು ಓದಿ ಹೇಳಬೇಕು.

ಅರ್ಜಿ ಮುಂಚೆಯೇ ಕೊಟ್ಟದ್ದೆಂದು ನಿಮಗೆ ಗೊತ್ತಿದ್ದರೂ ಬರೆಯಿರಿ. ಆ ಕಾರ್ಡನ್ನು ಅಕ್ಕನಿಗೆ ತೋರಿಸುವುದಿಲ್ಲ.